ನಾಲ್ಕು ಡಬ್ಬಿ, ಮೂರು ಬಾಣ

ಶ್ರೀನಿವಾಸಪುರದ ಮೈಕು ಕೋದಂಡರಾಮಪ್ಪನಿಗೆ ಜನರ ಮೇಲೆ ಇದ್ದ ಸಿಟ್ಟು ಒಂದು ದಿನದ್ದಲ್ಲ. ಹದಿನೈದು ವರ್ಷ ಊರೂರು ತಿರುಗಿ, ಗಂಟಲು ಹರಿದುಕೊಂಡು ಹೇಳಿದ ಮೇಲೂ ಹೇಳಿದ್ದೊಂದು ಕೇಳಿಸಿಕೊಂಡಿದ್ದೊಂದು ಆದರೆ ಯಾವ ಮನುಷ್ಯನಿಗೆ ತಾನೆ ತಲೆ ಕೆಡುವುದಿಲ್ಲ? ಮುಳಬಾಗಿಲ ಕಡೆಯ ಒಂದು ಹಳ್ಳಿಯಲ್ಲಿ ಆತ ಕಂದಾಯ ಕಟ್ಟುವುದಕ್ಕೆ ಕಡೆಯ ದಿನ ಯಾವುದೆಂದು ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಕೂಗಿ ಮುಗಿಸಿ ಉಸಿರು ಬಿಟ್ಟಿದ್ದ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿ, "ಏನಪ್ಪಾ, ಟೆಂಟಲ್ಲಿ ಸಿನಿಮಾ ಬದಲಾಯ್ತಾ?" ಎಂದು ಕೇಳಿದಳು.

"ಅಮ್ಮಾ, ನಾನು ಹೇಳಿದ್ದೇನು, ನೀನು ಕೇಳ್ತಿರೋದೇನು?"

"ನೀನು ಬರೋದೇ ಸಿನಿಮಾಕ್ಕಲ್ವೇನಪ್ಪಾ," ಎಂದು ಮುದುಕಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಮುದುಕಿಯ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಅವನ ಕರ್ಮ. ಆತ ಈ ಕಸುಬಿಗೆ ಇಳಿದದ್ದೇ ಶ್ರೀನಿವಾಸಪುರದ ಟೆಂಟು ಸಿನಿಮಾದ ಜಟಕಾ ಗಾಡಿಯಲ್ಲಿ ಕೂತು. ಗಾಡಿಯ ಎರಡೂ ಬದಿಗೆ ಬಣ್ಣದ ಬೋರ್ಡು, ಒಳಗೆ ಕೋದಂಡರಾಮಪ್ಪ, ಅವನ ತೊಡೆಯ ಮೇಲೆ ಗುಲಾಬಿ ಬಣ್ಣದ ನೋಟೀಸುಗಳ ಕಟ್ಟು. ಆಮೇಲೆ ಸ್ವಂತಕ್ಕೆ ಒಂದು ಮೈಕ್‌ಸೆಟ್ಟು ಮಾಡಿಕೊಂಡ. ಒಂದು ಆಂಪ್ಲಿಫೈಯರು, ಕಹಳೆಯಂಥ ಒಂದು ಹಾರ್ನು, ಮರದ ಪೆಟ್ಟಿಗೆಯಲ್ಲಿ ಒಂದು ಕಾರಿನ ಬ್ಯಾಟರಿ. ಅಂದಿನಿಂದ ಯಾರು ಕರೆದರೂ ಹೋದ. ಲಾಟರಿಯವರು ಕರೆದರು, ಹೋದ. ಚುನಾವಣೆಯಲ್ಲಿ ಬೆಳಿಗ್ಗೆ ಒಬ್ಬ ಅಭ್ಯರ್ಥಿಗೆ ಜೈ ಅಂದ ಬಾಯಲ್ಲೇ ಮಧ್ಯಾಹ್ನ ಇನ್ನೊಬ್ಬನಿಗೆ ಜೈ ಅಂದ. ಕಚೇರಿಯವರು ಚೀಟಿ ಕೊಟ್ಟರು, ಅದನ್ನೂ ಓದಿದ. ದನಿ ಮಾತ್ರ ಒಂದೇ, ಸಿನಿಮಾದ ದನಿ. "ಇಂದೇ ನೋಡಿ, ಮರೆತು ನಿರಾಶರಾಗಬೇಡಿ" ಎನ್ನುವ ರಾಗದಲ್ಲೇ "ಬಾಕಿದಾರರ ಮೇಲೆ ಜಪ್ತಿ ಕ್ರಮ ಜರುಗಿಸಲಾಗುವುದು" ಅನ್ನುತ್ತಿದ್ದ.

ಅವನದೊಂದು ಸಿದ್ಧಾಂತವಿತ್ತು. ಮಾತು ಅನ್ನುವುದು ನೀರು, ಮೈಕು ಅನ್ನುವುದು ಪೈಪು. ಪೈಪು ಸರಿಯಿದ್ದು ಒತ್ತಡ ಜೋರಾಗಿದ್ದರೆ ನೀರು ಬಂದೇ ಬರುತ್ತದೆ. ಆದ್ದರಿಂದ ಜನ ಕೇಳದಿದ್ದರೆ ಅದಕ್ಕೆ ಮದ್ದು ಒಂದೇ, ತಿರುಪು ತಿರುಗಿಸಿ ದನಿ ಏರಿಸುವುದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಈ ಮದ್ದನ್ನು ಪ್ರಯೋಗ ಮಾಡಿ ಸೋತಿದ್ದ. ಅದು ಶಿಲ್ಪಿಗಳ ಊರು, ಮನೆಮನೆಯ ಮುಂದೆ ಉಳಿ ಸುತ್ತಿಗೆಯ ಸದ್ದು. ಕೋದಂಡರಾಮಪ್ಪ ದನಿ ಏರಿಸಿದ. ಅವನ ದನಿಯಲ್ಲಿ ತಮ್ಮ ಉಳಿಯ ಸದ್ದು ತಮಗೇ ಕೇಳದೆ ಅವರೂ ಜೋರಾಗಿ ಬಡಿದರು. ಇವನು ಇನ್ನಷ್ಟು ಏರಿಸಿದ. ಕಡೆಗೆ ಒಬ್ಬ ಹಿರಿಯ ಶಿಲ್ಪಿ ಎದ್ದು ಬಂದು ಕೈ ಮುಗಿದು, "ಸ್ವಾಮಿ, ಅದೇನು ಹೇಳ್ಬೇಕೋ ಇಲ್ಲಿ ಕೂತ್ಕೊಂಡು ಹೇಳಿ, ಎಲ್ಲರಿಗೂ ನಾನು ತಿಳಿಸ್ತೀನಿ" ಎಂದ. ಕೋದಂಡರಾಮಪ್ಪನಿಗೆ ಅವಮಾನವಾಯಿತು. ಮೈಕು ಇಟ್ಟುಕೊಂಡವನು ಕೂತು ಹೇಳುವುದೇ? ಗಾಡಿ ಹೊಡೆಸಿಕೊಂಡು ಹೊರಟುಬಿಟ್ಟ.

ಎಪ್ಪತ್ತೈದರಲ್ಲಿ ಕೋಲಾರದಲ್ಲಿ ಪ್ರಚಾರ ಕೆಲಸದವರಿಗೆಂದು ಎರಡು ದಿನದ ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಮೇಷ್ಟರೊಬ್ಬರು ಕರಿಹಲಗೆಯ ಮೇಲೆ ನಾಲ್ಕು ಡಬ್ಬಿ ಬರೆದರು. ಹೇಳುವವನು, ಹೇಳುವ ಮಾತು, ಹೇಳುವ ದಾರಿ, ಕೇಳುವವನು. ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು ಹಾಕಿದರು. ತನ್ನ ಪೈಪಿನ ಸಿದ್ಧಾಂತವನ್ನೇ ಓದಿದ ಜನ ಬೋರ್ಡಿನ ಮೇಲೆ ಬರೆಯುವುದನ್ನು ಕಂಡು ಕೋದಂಡರಾಮಪ್ಪ ಹಿರಿಹಿರಿ ಹಿಗ್ಗಿದ. ಅಚ್ಚುಕಟ್ಟಾಗಿ ಪುಸ್ತಕದಲ್ಲಿ ಬರೆದುಕೊಂಡು, ಪಾಠ ಮುಗಿಯಿತೆಂದು ಟೀ ಕುಡಿಯಲು ಎದ್ದುಹೋದ. ಬರುವಷ್ಟರಲ್ಲಿ ಮೇಷ್ಟರು ಬೋರ್ಡು ಒರೆಸಿ ಬೇರೆ ಏನನ್ನೋ ಹೇಳುತ್ತಿದ್ದರು. ಆ ಹಾಳೆಯನ್ನು ತಂದು ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿಕೊಂಡ.

ಅವನ ಹೆಂಡತಿ ಶ್ಯಾಮಲಮ್ಮ ನಾಲ್ಕನೇ ಕ್ಲಾಸು ಓದಿದವಳು. ಪೆಟ್ಟಿಗೆ ತೆರೆದಿದ್ದಾಗ ಒಂದು ದಿನ ಆ ಹಾಳೆ ನೋಡಿ ಕೇಳಿದಳು: "ಏನ್ರೀ ಇದು, ಬಾಣ ಎಲ್ಲ ಹೋಗೋದೇ ಇದೆ. ಬರೋದು ಒಂದೂ ಇಲ್ವಲ್ಲ."

"ಬರೋದ್ಯಾಕೆ? ಹೇಳಿದ್ಮೇಲೆ ಮುಗೀತು."

"ಆ ಕೋದಂಡರಾಮನ ಬಾಣ ಕೆಲಸ ಮುಗಿಸಿ ಬತ್ತಳಿಕೆಗೆ ವಾಪಸು ಬರ್ತಿತ್ತಂತೆ. ಈ ಕೋದಂಡರಾಮನದು ಬಿಟ್ಟಿದ್ದೇ ಬಿಟ್ಟಿದ್ದು, ಯಾರಿಗೆ ನಾಟ್ತು ಅಂತ ಕೇಳೋರಿಲ್ಲ. ನಿಮ್ಮ ಮೈಕಿಗೆ ಬಾಯಿ ಇದೆ, ಕಿವಿ ಇಲ್ಲ."

"ನೋಡು, ಹೊತ್ತಾಯ್ತು, ಮುದ್ದೆ ಇಕ್ಕು," ಎಂದ ಕೋದಂಡರಾಮಪ್ಪ. ಮನೆಯವಳಿಗೆ ಇಂಥದ್ದನ್ನೆಲ್ಲ ವಿವರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂದು ಅವನ ಅಭಿಪ್ರಾಯ.

ಇಷ್ಟೆಲ್ಲ ಬೇಸರದ ನಡುವೆ ಅವನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ದಿನ ಒಂದಿತ್ತು. ಎಪ್ಪತ್ತಾರನೇ ಇಸವಿ, ದಸರೆ ಕಳೆದ ಮೇಲೆ. ಯಾರೋ ಕಚೇರಿಯ ಮನುಷ್ಯ ಜೀಪಿನಲ್ಲಿ ಬಂದು ಚೀಟಿ ಕೊಟ್ಟ. 'ಸಾರ್ವಜನಿಕ ಆರೋಗ್ಯ ತಪಾಸಣಾ ಕ್ಯಾಂಪ್. ಮದುವೆಯಾದ ಗಂಡಸರು ತಪ್ಪದೆ ಬರತಕ್ಕದ್ದು. ಬಂದವರಿಗೆ ಉಡುಗೊರೆ ಕೊಡಲಾಗುವುದು.' ಕೋದಂಡರಾಮಪ್ಪ ಅದನ್ನು ಹದಿನಾಲ್ಕು ಹಳ್ಳಿಗಳಲ್ಲಿ ಓದಿದ. ಬೇರೆ ಕಡೆ ನಾಲ್ಕು ಜನ, ಆರು ಜನ ಬಂದರೆ ಹೆಚ್ಚು. ಚಿಂತಮಾನುಪಲ್ಲಿಯಲ್ಲಿ ಮಾತ್ರ ಇಪ್ಪತ್ತೊಂಬತ್ತು ಜನ ಗಂಡಸರು ಸಾಲಾಗಿ ಬಂದು ಲಾರಿ ಹತ್ತಿದರು. ಚಿಂತಮಾನುಪಲ್ಲಿ ಅವನ ತಂಗಿ ಅಶ್ವತ್ಥಮ್ಮನನ್ನು ಕೊಟ್ಟ ಊರು. ಲಾರಿ ಹೊರಡುವವರೆಗೂ ನಿಲ್ಲದೆ ಮುಂದಿನ ಹಳ್ಳಿಗೆ ಗಾಡಿ ತಿರುಗಿಸಿದ್ದ, ದೂರದಿಂದ ತಲೆ ಎಣಿಸಿದ್ದನೇ ಹೊರತು ಯಾರು ಯಾರೆಂದು ನೋಡಿರಲಿಲ್ಲ, ಆದರೆ ಆ ಸಾಲು ಕಣ್ಣಲ್ಲಿ ಉಳಿದಿತ್ತು. "ನನ್ನ ಒಂದು ಮಾತಿಗೆ ಇಪ್ಪತ್ತೊಂಬತ್ತು ಜನ ಕಣಯ್ಯಾ. ಮೈಕು ಅಂದ್ರೆ ಅದು," ಎಂದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಎಷ್ಟು ಸಲ ಹೇಳಿದ್ದನೋ.

ಆ ಕ್ಯಾಂಪುಗಳಲ್ಲಿ ನಡೆದದ್ದು ಬರೀ ತಪಾಸಣೆಯಲ್ಲ, ಗಂಡಸರಿಗೆ ಮಕ್ಕಳಾಗದ ಹಾಗೆ ಆಪರೇಷನ್ನು ಮಾಡಿ ಕಳಿಸಿದರು ಎಂದು ಆಮೇಲೆ ಊರೆಲ್ಲ ಗುಸುಗುಸು ಆಯಿತು. ಹೋಟೆಲಿನಲ್ಲಿ ಒಬ್ಬ ಅದನ್ನು ಅವನ ಮುಖಕ್ಕೇ ಕೇಳಿದ. ಕೋದಂಡರಾಮಪ್ಪನಿಗೆ ರೇಗಿತು. "ನಾನು ಓದೋನು ಅಷ್ಟೇ. ಬರೆದೋರ್ನ ಹೋಗಿ ಕೇಳು" ಎಂದ. ಅಲ್ಲಿಗೆ ಅವನ ಮಟ್ಟಿಗೆ ಆ ವಿಷಯ ಮುಗಿದಿತ್ತು.

ಇನ್ನೊಂದು ವಿಷಯ ಅವನನ್ನು ಕೊರೆಯುತ್ತಿತ್ತು. ತಂಗಿಯ ಗಂಡ ಗಂಗುಲಪ್ಪ ಆ ವರ್ಷದಿಂದ ಮನೆಗೆ ಬರುವುದು ನಿಲ್ಲಿಸಿದ್ದ. ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೆ ಬರಲಿಲ್ಲ. ಗೌರಿ ಹಬ್ಬಕ್ಕೆ ಅಶ್ವತ್ಥಮ್ಮ ಒಬ್ಬಳೇ ತನ್ನ ಒಂದೇ ಹೆಣ್ಣು ಕೂಸನ್ನು ಕರೆದುಕೊಂಡು ಬಂದು, ಬಾಗಿನ ತೆಗೆದುಕೊಂಡು, ಸಂಜೆ ಬಸ್ಸಿಗೆ ಹೊರಟುಹೋದಳು.

"ಏನಾಗಿದೆ ಅಂತ ಒಂದ್ಮಾತು ಕೇಳಬಾರದಾ?" ಎಂದಳು ಶ್ಯಾಮಲಮ್ಮ.

"ನಾನ್ಯಾಕೆ ಕೇಳ್ಲಿ? ಅವನಿಗೆ ಕೊಬ್ಬು. ಮುಖ ಊದಿಸ್ಕೊಂಡಿದ್ರೆ ಊದಿಸ್ಕೊಂಡಿರ್ಲಿ."

ಕೇಳಲಿಲ್ಲ. ಒಂದೂವರೆ ವರ್ಷ ಹಾಗೇ ಕಳೆಯಿತು.

ಎಪ್ಪತ್ತೆಂಟರ ಏಪ್ರಿಲ್ಲಿನಲ್ಲಿ ಗಡಿಯಾಚೆಯಿಂದ ದೊಡ್ಡರೋಗ ಬಂತು. ದನಗಳಿಗೆ ಬರುವ ಮಾರಿ ಅದು. ಬಾಯೆಲ್ಲ ಹುಣ್ಣಾಗಿ, ಭೇದಿ ಹತ್ತಿಕೊಂಡು, ಮೇವು ಮುಟ್ಟದೆ ಒಂದು ವಾರದಲ್ಲಿ ಕೊಟ್ಟಿಗೆ ಖಾಲಿ ಮಾಡುವ ರೋಗ. ಗಡಿಯ ಎರಡು ಹಳ್ಳಿಗಳಲ್ಲಿ ಆಗಲೇ ದನಗಳನ್ನು ಹೂಳುವುದಕ್ಕೆ ಆಳು ಸಿಗುತ್ತಿರಲಿಲ್ಲ. ದನದ ಆಸ್ಪತ್ರೆಯ ಪ್ರಹ್ಲಾದ ಡಾಕ್ಟರು ಕೋದಂಡರಾಮಪ್ಪನನ್ನು ಕರೆಸಿದರು. ಮುಳಬಾಗಿಲ ಕಡೆಯವರು, ವಯಸ್ಸು ಸಣ್ಣದು, ಮಾತು ಚುಟುಕು.

"ಚಿಂತಮಾನುಪಲ್ಲೀಲಿ ನಾಳೆ ಒಂದೇ ದಿನ. ಮದ್ದು ಕಲಸಿದ ಮೇಲೆ ಮಂಜುಗಡ್ಡೆ ಕರಗೋದ್ರೊಳಗೆ ಹಾಕಿ ಮುಗಿಸ್ಬೇಕು. ಆಮೇಲೆ ನನ್ನ ಹತ್ರ ಅಲ್ಲಿಗೆ ಮದ್ದಿಲ್ಲ, ಮುಂದಿನ ಊರಿಗೆ ಹೋಗ್ಬೇಕು. ಒಂದು ದನಾನೂ ಬಿಡದ ಹಾಗೆ ಕರೆಸು," ಎಂದು ಚೀಟಿ ಕೊಟ್ಟರು.

ಕೋದಂಡರಾಮಪ್ಪನಿಗೆ ತಂಗಿಯ ಮನೆಯ ಸೀಮೆಹಸು ನೆನಪಾಯಿತು. ಡೈರಿಗೆ ಹಾಲು ಹಾಕಲೆಂದು ಹೋದ ವರ್ಷ ತಂದಿದ್ದರು. ಈಗ ಐದು ತಿಂಗಳ ಗಬ್ಬ. ಗಂಗುಲಪ್ಪ ಅದನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆಂದು ಅಶ್ವತ್ಥಮ್ಮ ಹೇಳಿದ್ದಳು. ನಾಡಹಸುವೇ ತಡೆಯದ ರೋಗವನ್ನು ಆ ಸೀಮೆಹಸು ಎಲ್ಲಿ ತಡೆದೀತು? ಅಂದು ಸಂಜೆಯೇ ಜಟಕಾ ಕಟ್ಟಿಸಿಕೊಂಡು ಚಿಂತಮಾನುಪಲ್ಲಿಗೆ ಹೋಗಿ ಮೂರು ಬೀದಿಯಲ್ಲೂ ಓದಿದ.

"ಸಾರ್ವಜನಿಕರ ಗಮನಕ್ಕೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಅರಳೀಕಟ್ಟೆ ಬಳಿ ಚುಚ್ಚುಮದ್ದಿನ ಕ್ಯಾಂಪ್. ತಪ್ಪದೆ ಬರತಕ್ಕದ್ದು. ನಿಮ್ಮ ದನಕರುಗಳನ್ನು ದೊಡ್ಡರೋಗದಿಂದ ಕಾಪಾಡಿಕೊಳ್ಳಿ."

ಜನ ಮನೆಮನೆಯ ಬಾಗಿಲಲ್ಲಿ ನಿಂತು ಕೇಳಿದರು. ಯಾರೂ ಸಿನಿಮಾ ಅನ್ನಲಿಲ್ಲ, ಗಾಡಿ ಹಿಂದೆ ಓಡಲಿಲ್ಲ, ತುಟಿಪಿಟಕ್ಕೆನ್ನಲಿಲ್ಲ. ಹದಿನೈದು ವರ್ಷಕ್ಕೆ ಈ ಜನಕ್ಕೆ ಬುದ್ಧಿ ಬಂತಲ್ಲಪ್ಪ ಎಂದುಕೊಂಡು, ಹೊತ್ತಾದ್ದರಿಂದ ತಂಗಿಯ ಮನೆಗೂ ಹೋಗದೆ ಹಿಂತಿರುಗಿದ.

ಬೆಳಿಗ್ಗೆ ಡಾಕ್ಟರ ಜೀಪಿನಲ್ಲಿ ಬಂದಿಳಿದಾಗ ಅರಳೀಕಟ್ಟೆಯ ಬಳಿ ಒಂದು ನಾಯಿ ಮಲಗಿತ್ತು. ಕೊಟ್ಟಿಗೆಗಳಲ್ಲಿ ಗೂಟ ಇತ್ತು, ದನ ಇರಲಿಲ್ಲ. ಕಟ್ಟೆಯ ಸುತ್ತ ಗಂಡಸು ಅನ್ನುವ ಪ್ರಾಣಿ ಕಣ್ಣಿಗೆ ಬೀಳಲಿಲ್ಲ.

"ನಿನ್ನೆ ಹೇಳಿದ್ಯಾ ಇಲ್ವೇನಯ್ಯ?" ಎಂದರು ಡಾಕ್ಟರು.

"ಮೂರು ಬೀದೀಲಿ ಹೇಳಿದೀನಿ ಸ್ವಾಮಿ, ಎರಡು ಭಾಷೇಲಿ. ಹುಟ್ಟು ಕಿವುಡನಿಗೂ ಕೇಳಿಸಿರುತ್ತೆ."

"ಮತ್ತೆ ಎಲ್ಲಿ?"

ಅದನ್ನೇ ಅವನೂ ಕೇಳುತ್ತಿದ್ದ. ಹಾರ್ನನ್ನು ಜೀಪಿನ ಮೇಲೆ ಕಟ್ಟಿ ಮತ್ತೆ ಓದಿದ. ನೀರಿನ ತೊಟ್ಟಿಯ ಹತ್ತಿರ ಎರಡು ಎತ್ತು ಹಿಡಿದುಕೊಂಡು ನಿಂತಿದ್ದ ಮುದುಕನೊಬ್ಬ ಎತ್ತುಗಳಿಗೆ ನೀರು ಕುಡಿಸುವುದನ್ನು ಅರ್ಧಕ್ಕೇ ಬಿಟ್ಟು ಊರಾಚೆ ದಿಬ್ಬದ ಮೇಲಿನ ಮಾವಿನತೋಪಿನ ಕಡೆ ನಡೆದ. ಕೋದಂಡರಾಮಪ್ಪ ದನಿ ಏರಿಸಿದ. ತಂಗಿಯ ಎದುರು ಮನೆಯ ಮುತ್ಯಾಲಮ್ಮ ಹೊರಗೆ ಬಂದು, ಮೈಕನ್ನೊಮ್ಮೆ ನೋಡಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ತಿರುಪನ್ನು ಕೊನೆಯವರೆಗೂ ತಿರುಗಿಸಿದ. ಹಾರ್ನು ಕುಯ್ಯೆಂದು ಕಿರುಚಿ, ನಾಯಿಯೂ ಎದ್ದು ಹೋಯಿತು.

ಡಾಕ್ಟರು ಗಡಿಯಾರ ನೋಡಿದರು. "ಮದ್ದು ಇನ್ನೂ ಕಲಸಿಲ್ಲ. ಆದ್ರೆ ಗಡ್ಡೆ ಕರಗ್ತಿದೆ. ಹತ್ತು ಗಂಟೆ ತನಕ ನೋಡ್ತೀನಿ, ಆಮೇಲೆ ಹೊರಡ್ತೀನಿ."

ಕೋದಂಡರಾಮಪ್ಪನಿಗೆ ಮೈಯೆಲ್ಲ ಉರಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೂ ಸಾಕು, ಈ ಜನಕ್ಕೆ ಒಳ್ಳೆಯದು ಹೇಳಿ ಹೇಳಿ ಸತ್ತದ್ದೂ ಸಾಕು. ದಾಪುಗಾಲು ಹಾಕಿಕೊಂಡು ತಂಗಿಯ ಮನೆಗೆ ಹೋದ. ಅಶ್ವತ್ಥಮ್ಮ ಪಡಸಾಲೆಯಲ್ಲಿ ಕೂತು ರಾಗಿ ಕೇರುತ್ತಿದ್ದಳು. ಹಿತ್ತಲ ಕೊಟ್ಟಿಗೆ ಬರಿದಾಗಿತ್ತು.

"ಹಸು ಎಲ್ಲಮ್ಮಾ?"

"ಅವರು ಹೊಡ್ಕೊಂಡು ಹೋದ್ರು. ಮಾವಿನತೋಪಿಗೆ. ಊರೆಲ್ಲ ಅಲ್ಲೇ ಇದೆ."

"ಯಾವಾಗ?"

"ನಿನ್ನೆ ಸಂಜೆ ನಿನ್ನ ದನಿ ಕೇಳಿಸ್ತಲ್ಲ, ಆಗಲೇ ಮಾತಾಡ್ಕೊಂಡ್ರು. ಕೋಳಿ ಕೂಗೋ ಹೊತ್ತಿಗೆ ಹೊರಟ್ರು."

"ನಾನು ಹೇಳಿದ್ದು ದನಕ್ಕೆ ಅಂತ. ದನಕ್ಕೆ. ಏನು ನಿಮ್ಮೂರಲ್ಲಿ ಒಬ್ಬನಿಗೂ ಕಿವಿ ಇಲ್ವಾ? ತಲೇಲಿ ಏನಿದೆ, ಬೂಸಾನಾ? ಮಾರಿ ಪಕ್ಕದೂರಿಗೆ ಬಂದು ಕೂತಿದೆ, ಆ ಹಸು ಸತ್ತೋದ್ರೆ ಗಂಗುಲಪ್ಪ ಯಾರನ್ನ ಕೇಳ್ತಾನೆ, ನನ್ನನ್ನಾ?"

ಅಶ್ವತ್ಥಮ್ಮ ಮೊರ ಕೆಳಗಿಟ್ಟಳು. ಅವಳು ಅಣ್ಣನ ಎದುರು ದನಿ ಎತ್ತಿದವಳಲ್ಲ, ಈಗಲೂ ಎತ್ತಲಿಲ್ಲ.

"ಹೋದ ಸಲ ನೀನು ತಪಾಸಣೆ ಅಂತ ಹೇಳಿದ್ದೆ ಅಣ್ಣಯ್ಯ."

"ಯಾವ ಹೋದ ಸಲ?"

"ಲಾರಿ ಬಂದಿತ್ತಲ್ಲ, ಆವಾಗ. ಈ ಊರೋರು ಯಾರೂ ಹೊರಡೋಹಾಗಿರ್ಲಿಲ್ಲ. ಏನೋ ಇದೆ ಇದ್ರಲ್ಲಿ ಅಂತ ಅನುಮಾನ ಇತ್ತು. ಇವರೇ ಎಲ್ಲರಿಗೂ ಹೇಳಿದ್ದು. ಓದ್ತಿರೋನು ನಮ್ಮ ಬಾವ, ಸ್ವಂತ ತಂಗಿ ಊರಿಗೆ ಬಂದು ಸುಳ್ಳು ಹೇಳ್ತಾನಾ, ಬನ್ನಿ ಅಂತ. ಇವರೇ ಮೊದಲು ಲಾರಿ ಹತ್ತಿದ್ದು. ಅವರನ್ನ ನೋಡಿ ಮಿಕ್ಕೋರು ಹತ್ತಿದ್ರು."

ಕೋದಂಡರಾಮಪ್ಪ ಒಂದು ಹೆಜ್ಜೆ ಹತ್ತಿರ ಬಂದ.

"ಗಂಗುಲಪ್ಪನಿಗೂ ಆಪರೇಷನ್ನು ಮಾಡಿದ್ರಾ?"

"ಹೂಂ."

"ನನಗೆ ಹೇಳ್ಲಿಲ್ವಲ್ಲಮ್ಮ ನೀನು."

"ನೀನು ಕೇಳ್ಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ಬಾಯಿಗೆ ಬಂದಿತ್ತು. ನೀನು ಇಪ್ಪತ್ತೊಂಬತ್ತು ಜನ ಬಂದಿದ್ದು ಹೇಳ್ತಾ ಕೂತಿದ್ದೆ, ಎಣಿಸಿ ಎಣಿಸಿ. ನಾನು ಬಾಗಿನ ತಗೊಂಡು ಎದ್ದುಬಂದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಕೂಸಿಗೆ ಒಂದು ತಮ್ಮನೋ ತಂಗೀನೋ ಆಗ್ಲಿ ಅಂತ ಹರಕೆ ಹೊತ್ತಿದ್ದೆ."

ನಾನು ಓದೋನು ಅಷ್ಟೇ ಎನ್ನುವ ಮಾತು ನಾಲಿಗೆಯವರೆಗೂ ಬಂತು. ತಂಗಿಯ ಮುಖ ನೋಡಿ ನುಂಗಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವನ ತಾಯಿ ದಿನಾ ಹೇಳುತ್ತಿದ್ದಳು. ಆಡಿ ಬಿಟ್ಟ ಮಾತು ಎಲ್ಲಿಗೆ ಹೋಯಿತೆಂದು ಅವನು ಒಂದು ದಿನವೂ ಹಿಂತಿರುಗಿ ನೋಡಿರಲಿಲ್ಲ. ಅದು ನೇರವಾಗಿ ಈ ಮನೆಗೇ ಬಂದಿತ್ತು.

ಹೊರಗೆ ಡಾಕ್ಟರ ಜೀಪು ಹಾರ್ನ್ ಮಾಡಿತು.

"ಅಶ್ವತ್ಥಾ, ಇದು ಹಾಗಲ್ಲಮ್ಮಾ. ಇದು ದನಕ್ಕೇ."

"ಒಂದು ಮಾತು ಕೇಳ್ತೀನಿ. ಇದನ್ನ ನೀನು ಓದ್ತಿದೀಯಾ, ಹೇಳ್ತಿದೀಯಾ?"

ಡಾಕ್ಟರು ಚೀಟಿ ಕೊಟ್ಟಿದ್ದರು, ಇವನು ಓದಿದ್ದ. ಆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಏನಿದೆಯೆಂದು ಇವನು ನೋಡಿದ್ದನೇ? ಇಲ್ಲ. ಎಪ್ಪತ್ತಾರರಲ್ಲಿ ಲಾರಿ ಎಲ್ಲಿಗೆ ಹೋಗುತ್ತದೆಂದು ಕೇಳಿದ್ದನೇ? ಅದೂ ಇಲ್ಲ.

"ಇರು, ಬಂದೆ," ಎಂದು ಓಡಿದ.

ಡಾಕ್ಟರು ಆಗಲೇ ಸಿಡಿಮಿಡಿ ಅನ್ನುತ್ತಿದ್ದರು. ಕೋದಂಡರಾಮಪ್ಪ ಜೀಪಿನ ಮುಂದೆ ನಿಂತು, "ಸ್ವಾಮಿ, ಆ ಪೆಟ್ಟಿಗೇಲಿ ಏನಿದೆ ತೋರಿಸಿ," ಎಂದ.

"ಏನಿದೆ ಅಂದ್ರೆ? ಮದ್ದು."

"ತೋರಿಸಿ. ಇದು ದನಕ್ಕೆ ಮಾತ್ರ ತಾನೆ? ಜನಕ್ಕೆ ಏನೂ ಇಲ್ಲ ತಾನೆ? ಗಬ್ಬದ ಹಸುಗೆ ಹಾಕಿದ್ರೆ ಕರು ಹೋಗುತ್ತಾ? ಹಾಕಿದ ಮೇಲೆ ಜ್ವರ ಬರುತ್ತಾ? ಹಾಲು ನಿಲ್ಲುತ್ತಾ?"

"ಏನಯ್ಯ ಇದು, ಹೊತ್ತು ನೋಡ್ಕೊಂಡು ಶುರು ಮಾಡಿದೀಯಲ್ಲ. ಕೂಗೋನಿಗೆ ಇದೆಲ್ಲ ಯಾಕೆ?"

"ನನಗೆ ಬೇಕು ಸ್ವಾಮಿ. ಗೊತ್ತಾಗದೆ ನಾನು ಬಾಯಿ ಬಿಡೋದಿಲ್ಲ."

ಡಾಕ್ಟರು ಅವನ ಮುಖ ನೋಡಿದರು. ಏನು ಕಂಡಿತೋ, ಇಳಿದು ಬಂದು ಪೆಟ್ಟಿಗೆ ತೆರೆದು, ಹೊಟ್ಟಿನ ನಡುವೆ ಇಟ್ಟಿದ್ದ ಮಂಜುಗಡ್ಡೆ, ಪುಟ್ಟ ಪುಟ್ಟ ಸೀಸೆಗಳು, ದನಕ್ಕೆ ಹಾಕುವ ದಪ್ಪ ಸೂಜಿ ಎಲ್ಲ ತೋರಿಸಿದರು. ಗಬ್ಬದ ಹಸುವಿಗೂ ಹಾಕಬಹುದು, ಕರು ಉಳಿಯುತ್ತದೆ ಎಂದರು. ಎರಡು ದಿನ ಮೈ ಬಿಸಿಯಾಗಿ ಹಾಲು ಸ್ವಲ್ಪ ಕಡಿಮೆಯಾಗಬಹುದು, ಅದನ್ನೂ ಮುಚ್ಚಿಡಬೇಡ ಎಂದೂ ಸೇರಿಸಿದರು. ಕೋದಂಡರಾಮಪ್ಪ ಜೀಪಿನ ಮೇಲೆ ಹತ್ತಿ ಹಾರ್ನು ಬಿಚ್ಚಿದ. ಅದನ್ನು ನೆಲದ ಮೇಲೆ ಬೋರಲು ಹಾಕಿ, ತಂಗಿಯ ಮನೆಗೆ ವಾಪಸು ನಡೆದ.

"ಹೇಳ್ತಿದೀನಿ," ಎಂದ ಬಾಗಿಲಲ್ಲೇ ನಿಂತು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ, ಹಾಲು ಕಡಿಮೆಯಾಗುವುದನ್ನೂ ಸೇರಿಸಿ. "ಈ ಸಲ ಸುಳ್ಳಾದ್ರೆ ನಿನ್ನ ಹೊಸ್ತಿಲು ತುಳಿಯೋದಿಲ್ಲ."

ಅಶ್ವತ್ಥಮ್ಮ ಎದ್ದಳು. ಅವನೂ ಹಿಂದೆ ಹೊರಟ.

"ನೀನು ಬರ್ಬೇಡ. ನಿನ್ನ ನೋಡಿದ್ರೆ ಇನ್ನೂ ಮೇಲಕ್ಕೆ ಹತ್ತಿಬಿಡ್ತಾರೆ," ಎಂದು ಎದುರು ಮನೆಯ ಬಾಗಿಲು ತಟ್ಟಿ ಮುತ್ಯಾಲಮ್ಮನನ್ನು ಕರೆದುಕೊಂಡು ತೋಪಿನ ದಾರಿ ಹಿಡಿದಳು.

ಕೋದಂಡರಾಮಪ್ಪ ಅರಳೀಕಟ್ಟೆಯ ಮೇಲೆ ಕೂತ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸವೆಂದು ಅವನಿಗೆ ಆವತ್ತು ತಿಳಿಯಿತು. ಕೈ ಎರಡು ಸಲ ಮೈಕಿನ ಕಡೆ ಹೋಯಿತು. ಪೆಟ್ಟಿಗೆಯ ಕೆಳಗಿನಿಂದ ಕರಗಿದ ನೀರು ತೊಟ್ಟಿಕ್ಕಿ ಮಣ್ಣಿನಲ್ಲಿ ಇಂಗುತ್ತಿತ್ತು. ಒಂಬತ್ತು ಗಂಟೆಯಾಯಿತು. ಒಂಬತ್ತೂವರೆಯಾಯಿತು. ತೋಪಿನ ಅಂಚಿನಲ್ಲಿ ಜನ ಗುಂಪಾಗಿ ನಿಂತದ್ದು ಕಾಣುತ್ತಿತ್ತು, ಯಾರೂ ಇಳಿಯುತ್ತಿರಲಿಲ್ಲ. ಅಲ್ಲಿ ಏನು ಮಾತು ನಡೆಯುತ್ತಿದೆ, ಯಾರು ಏನು ಬೈಯುತ್ತಿದ್ದಾರೆ, ಅವನಿಗೆ ಒಂದೂ ಕೇಳಿಸುತ್ತಿರಲಿಲ್ಲ. ಡಾಕ್ಟರು ಮೂರನೇ ಸಲ ಗಡಿಯಾರ ನೋಡಿದರು.

ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಒಬ್ಬನೇ ಒಬ್ಬ ಇಳಿದು ಬಂದ. ಗಂಗುಲಪ್ಪ. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದ, ಹಿಂದೆ ಕಪ್ಪು ಬಿಳಿ ಮಚ್ಚೆಯ ಸೀಮೆಹಸು ಹೊಟ್ಟೆ ತೂಗುತ್ತ ಬಂತು. ಅಶ್ವತ್ಥಮ್ಮ ಸ್ವಲ್ಪ ದೂರದಲ್ಲಿ ಬರುತ್ತಿದ್ದಳು. ಮಿಕ್ಕವರು ತೋಪಿನ ಅಂಚಿನಲ್ಲೇ ನಿಂತು ನೋಡುತ್ತಿದ್ದರು.

ಒಂದೂವರೆ ವರ್ಷದ ಮೇಲೆ ಭಾವಮೈದುನರು ಎದುರುಬದುರಾದರು. ಗಂಗುಲಪ್ಪ ಹಸುವನ್ನು ಕಟ್ಟೆಗೆ ಒತ್ತಿ ನಿಲ್ಲಿಸಿದ. ಡಾಕ್ಟರು ಸೀಸೆ ಒಡೆದು ಮದ್ದು ಕಲಸತೊಡಗಿದರು. ಗಂಗುಲಪ್ಪ ಡಾಕ್ಟರ ಕಡೆ ನೋಡಲಿಲ್ಲ. ಹಸುವಿನ ಕತ್ತು ಸವರುತ್ತ, ಮೆಲ್ಲಗೆ ಕೋದಂಡರಾಮಪ್ಪನಿಗೆ ಮಾತ್ರ ಕೇಳುವ ಹಾಗೆ ಅಂದ:

"ಬಾವ, ಈ ಸೂಜಿ ಚುಚ್ಚಿದ ಮೇಲೆ, ಈ ಕರು ಆದ ಮೇಲೆ, ಇದು ಇನ್ನೊಂದ್ಸಲ ಗಬ್ಬ ಕಟ್ಟುತ್ತೆ ತಾನೆ? ಕೇಳಿ ಹೇಳು."

ಹದಿನಾಲ್ಕು ಹಳ್ಳಿಗೆ ಕೇಳುವಂತೆ ಕೂಗುತ್ತಿದ್ದ ಕೋದಂಡರಾಮಪ್ಪ ಡಾಕ್ಟರ ಕಡೆ ತಿರುಗಿ, ಅಷ್ಟೇ ಮೆಲ್ಲಗೆ ಆ ಪ್ರಶ್ನೆಯನ್ನು ಹಾಗೇ ಕೇಳಿದ.

"ಯಾಕಯ್ಯ ಕಟ್ಟೋದಿಲ್ಲ? ಇನ್ನೂ ಆರು ಕರು ಹಾಕುತ್ತೆ," ಎಂದರು ಡಾಕ್ಟರು, ಸೂಜಿಯಿಂದ ಕಣ್ಣು ತೆಗೆಯದೆ.

"ಕಟ್ಟುತ್ತಂತೆ," ಎಂದ ಕೋದಂಡರಾಮಪ್ಪ.

"ಸರಿ, ಹಾಗಾದ್ರೆ ಹಾಕ್ಲಿ," ಎಂದು ಗಂಗುಲಪ್ಪ ಹಗ್ಗ ಬಿಗಿಹಿಡಿದ.

ಹಸು ಒಮ್ಮೆ ಒದರಿ ಸುಮ್ಮನಾಯಿತು. ತೋಪಿನ ಅಂಚಿನಲ್ಲಿದ್ದವರು ಅದು ಬೀಳುತ್ತದೆಯೋ ಎಂದು ಕಾದರು, ಗಂಗುಲಪ್ಪನನ್ನು ಯಾರಾದರೂ ಜೀಪಿಗೆ ಎಳೆದುಕೊಳ್ಳುತ್ತಾರೋ ಎಂದೂ ಕಾದರು. ಎರಡೂ ಆಗಲಿಲ್ಲ. ಮೊದಲು ಎತ್ತಿನ ಮುದುಕ ಇಳಿದು ಬಂದ, ಆಮೇಲೆ ಮುತ್ಯಾಲಮ್ಮ ತನ್ನ ಎಮ್ಮೆ ಹೊಡೆದುಕೊಂಡು ಬಂದಳು, ಆಮೇಲೆ ಎಲ್ಲರೂ. ಗಡ್ಡೆ ಕರಗಿ ಮುಗಿಯುವಷ್ಟರಲ್ಲಿ ತೊಂಬತ್ತಕ್ಕೂ ಹೆಚ್ಚು ದನಕ್ಕೆ ಮದ್ದು ಬಿತ್ತು. ಹದಿನೈದೋ ಇಪ್ಪತ್ತೋ ಉಳಿದವು. ಬಿಸಿಲಲ್ಲಿ ನಿಂತು ಕಾದು ಹಿಂದಕ್ಕೆ ಹೋದವರು ಮತ್ತೆ ಕೋದಂಡರಾಮಪ್ಪನನ್ನೇ ಬೈದರು. ಮೊದಲೇ ಸರಿಯಾಗಿ ಹೇಳೋಕೆ ಏನಾಗಿತ್ತು ಎಂದರು. ಅವನು ಹಾರ್ನನ್ನು ಎತ್ತಿಕೊಂಡು ಜೀಪು ಹತ್ತಿದ.

ಆಮೇಲೂ ಅವನು ಮೈಕಿನ ಕೆಲಸ ಬಿಡಲಿಲ್ಲ, ಹೊಟ್ಟೆ ಬಿಡಬೇಕಲ್ಲ. ಆದರೆ ಚೀಟಿ ಕೊಟ್ಟವರ ಪಾಲಿಗೆ ತಲೆನೋವಾದ. ಇದರಲ್ಲಿ ಏನಿದೆ, ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ, ಆಮೇಲೆ ಏನು ಮಾಡುತ್ತೀರಿ ಎಂದು ಕೂತು ಕೇಳುತ್ತಿದ್ದ. ಓದೋಕೆ ಕೊಟ್ಟರೆ ವಕೀಲಿ ಮಾಡ್ತಾನೆ ಎಂದು ಎಷ್ಟೋ ಜನ ಬೇರೆಯವನನ್ನು ನೋಡಿಕೊಂಡರು. ಇಪ್ಪತ್ತೊಂಬತ್ತು ಜನರ ಕಥೆಯನ್ನು ಹೋಟೆಲಿನಲ್ಲಿ ಮತ್ತೆ ಅವನ ಬಾಯಿಂದ ಯಾರೂ ಕೇಳಲಿಲ್ಲ.

ಆ ವರ್ಷ ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಅಶ್ವತ್ಥಮ್ಮ ಬಂದಳು. ಹಿಂದೆ ಗಂಗುಲಪ್ಪ, ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಬಟ್ಟೆ ಕಟ್ಟಿದ ಮುಚ್ಚಳದ ಪಾತ್ರೆ.

"ಗಿಣ್ಣುಹಾಲು," ಎಂದು ಶ್ಯಾಮಲಮ್ಮನ ಕೈಗೆ ಕೊಟ್ಟ. "ಹೆಣ್ಣು ಕರು, ಬಾವ."

ಕೋದಂಡರಾಮಪ್ಪ ನಾಲ್ಕು ತಿಂಗಳಿಂದ ಈ ಗಳಿಗೆಗೆಂದು ಮಾತು ಜೋಡಿಸಿಟ್ಟುಕೊಂಡಿದ್ದ. ಕನ್ನಡದಲ್ಲೂ ಜೋಡಿಸಿದ್ದ, ತೆಲುಗಿನಲ್ಲೂ ಜೋಡಿಸಿದ್ದ. "ಗಂಗುಲಪ್ಪಾ, ನಾನು ಆವತ್ತು..." ಎಂದು ಶುರು ಮಾಡಿದ.

"ನೀನು ಏನೂ ಹೇಳ್ಬೇಡ ಬಾವ. ನಿನ್ನ ಮಾತು ತುಂಬಾ ಕೇಳಿದೀನಿ. ಕೂತ್ಕೋ."

ಕೂತ. ಗಂಗುಲಪ್ಪ ಎದುರಿಗೆ ಚಾಪೆಯ ಮೇಲೆ ಕೂತು, ಲಾರಿ ಹತ್ತಿದಲ್ಲಿಂದ ಶುರು ಮಾಡಿದ. ಲಾರಿಯಲ್ಲಿ ಯಾರು ಯಾರ ಪಕ್ಕ ನಿಂತಿದ್ದರು, ದಾರಿಯಲ್ಲಿ ಏನು ತಮಾಷೆ ಮಾಡಿಕೊಂಡರು, ಯಾವ ಕಟ್ಟಡದ ಮುಂದೆ ಇಳಿಸಿದರು, ಬಾಗಿಲು ಹಾಕಿದ್ದು ಯಾವಾಗ ತಿಳಿಯಿತು, ಮಿಕ್ಕ ಇಪ್ಪತ್ತೆಂಟು ಜನ ಅವನ ಮುಖವನ್ನು ಹೇಗೆ ನೋಡಿದರು, ಎಲ್ಲವನ್ನೂ ಹೇಳಿದ. ಶ್ಯಾಮಲಮ್ಮ ಗಿಣ್ಣು ಕಾಯಿಸಿ ಬೆಲ್ಲ ಏಲಕ್ಕಿ ಹಾಕಿ ತಂದು ಇಬ್ಬರ ಮುಂದೆಯೂ ಇಟ್ಟಳು. ಗಂಗುಲಪ್ಪನ ಮಾತು ಮುಗಿಯುವಷ್ಟರಲ್ಲಿ ಅದು ಆರಿ ತಣ್ಣಗಾಗಿತ್ತು. ಕೋದಂಡರಾಮಪ್ಪ ನಡುವೆ ಎಲ್ಲೂ ಬಾಯಿ ಹಾಕಲಿಲ್ಲ. ಕೊನೆಯವರೆಗೂ ಕೇಳಿದ.